ಹಳೆಯ ಜೀಪು ಕೊಳ್ಳುವ ಮುನ್ನ

2024ರಿಂದೀಚೆಗೆ ಕಾಫಿಗೆ ನಾಲ್ಕು ಕಾಸು ಬೆಲೆ ಬಂದಮೇಲೆ ನಮ್ಮ ಸದಸ್ಯರಲ್ಲಿ ಹಳೆಯ ಜೀಪಿನ ಆಸೆ ಮತ್ತೆ ಚಿಗುರಿದೆ. ಕೆಲವರಿಗೆ ತೋಟದ ಕೆಸರು ದಾರಿಯಲ್ಲಿ ಗೊಬ್ಬರ ಸಾಗಿಸಲು ಬೇಕು. ಇನ್ನು ಕೆಲವರಿಗೆ ಅಜ್ಜನ ಕಾಲದ ಜೀಪನ್ನು ಮನೆಯ ಅಂಗಳದಲ್ಲಿ ಮತ್ತೆ ನೋಡುವ ಹಂಬಲ. ಎರಡೂ ತಪ್ಪಲ್ಲ. ಆದರೆ ಒಂದೊಂದಕ್ಕೆ ಬೇಕಾದ ಜೀಪು ಬೇರೆ, ಕೊಡತಕ್ಕ ಬೆಲೆಯೂ ಬೇರೆ. ಸಂಘದ ಕಚೇರಿಯಲ್ಲಿ ಈ ವಿಷಯ ವಿಚಾರಿಸುವವರು ಹೆಚ್ಚಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಜೀಪು ಮಾರುವ ಸದಸ್ಯರೂ ಇದನ್ನು ಓದಬೇಕೆಂದು ಕೋರಿಕೆ. ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ ಎಷ್ಟೋ ಗಾಡಿಗಳು ಗುಜರಿಯಾಗಿರಲಿಲ್ಲ.

ಮೊದಲು ಗಾಡಿಯ ಕುಲ ತಿಳಿಯಬೇಕು. ಮಾರುವವರೆಲ್ಲ ತಮ್ಮದು ಎರಡನೆಯ ಮಹಾಯುದ್ಧದ ಜೀಪೆಂದೇ ಹೇಳುತ್ತಾರೆ. ಯುದ್ಧಕಾಲದ ವಿಲ್ಲೀಸ್ ಎಂ.ಬಿ. ಮತ್ತು ಅದರ ಪಡಿಯಚ್ಚಾದ ಫೋರ್ಡ್ ಜಿ.ಪಿ.ಡಬ್ಲ್ಯೂ. ತಯಾರಾದದ್ದು 1941ರಿಂದ 1945ರವರೆಗೆ ಮಾತ್ರ. ಅವುಗಳ ಮುಂದಿನ ಅಚ್ಚೊತ್ತಿದ ಜಾಲರಿಯಲ್ಲಿ ಒಂಬತ್ತು ಸೀಳುಗಳು. ಹಿಂಬದಿಗೆ ತೆರೆಯುವ ಹಲಗೆ ಇಲ್ಲ. ತಯಾರಾದಾಗ ಸ್ಟೀರಿಂಗ್ ಎಡಗಡೆ. ಜನಬಳಕೆಗೆಂದು ಆಮೇಲೆ ಬಂದ ವಿಲ್ಲೀಸ್ ಸಿ.ಜೆ. ಜೀಪುಗಳಿಗೆ ಏಳೇ ಸೀಳು, ಹಿಂದೆ ತೆರೆಯುವ ಹಲಗೆ. ನಮ್ಮ ತೋಟಗಳಲ್ಲಿ ದುಡಿದವು ಹೆಚ್ಚಾಗಿ ಮಹೀಂದ್ರಾದವರ ಸಿ.ಜೆ.-3ಬಿ ಮತ್ತು ಅದರ ಸಂತತಿ. ಎತ್ತರದ ಬಾನೆಟ್ಟೇ ಇದರ ಗುರುತು. ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ ಹಿಂದಿನದಕ್ಕಿಂತ ಎತ್ತರವಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಇದೂ ಒಳ್ಳೆಯ ಗಾಡಿಯೇ. ಆದರೆ ಇದಕ್ಕೆ ಯುದ್ಧದ ಜೀಪಿನ ಬೆಲೆ ಕೊಡಬಾರದು. ಕಣ್ಣು ಪಳಗಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಸ್ವಾಮಿಯ ದರ್ಶನವಾದ ಮೇಲೆ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನೂ ಸಾವಕಾಶವಾಗಿ ನೋಡಿ ಬನ್ನಿ. ಜೋಪಾನ ಮಾಡಿದ ಹಳೆಯ ಗಾಡಿ ಹೇಗಿರುತ್ತದೆಂದು ಗೊತ್ತಾಗುತ್ತದೆ.

ಎರಡನೆಯದು ಚಾಸಿ. ಕೆಟ್ಟ ಎಂಜಿನ್ನಿಗೆ ಬದಲಿ ಸಿಕ್ಕೀತು. ಬಾಡಿಯನ್ನು ಹೊಸದಾಗಿಯೇ ಕಟ್ಟಿಸಬಹುದು. ಹರಿಯಾಣದ ಮಂಡಿ ಡಬ್ವಾಲಿ ಈ ಕಸುಬಿಗೇ ಹೆಸರಾದ ಊರು. ಚಾಸಿ ಹೋದರೆ ಮಾತ್ರ ಜೀಪೇ ಹೋದಂತೆ. ಆದ್ದರಿಂದ ಒಂದು ಗೋಣಿಚೀಲ, ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿದು ಹೋಗಿ ಗಾಡಿಯ ಕೆಳಗೆ ಮಲಗತಕ್ಕದ್ದು. ಬಿಳಿ ಪಂಚೆ ಉಟ್ಟು ಜೀಪು ನೋಡಲು ಹೋಗುವವರಿಗೆ ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ತೋಟದ ಜೀಪಿಗೆ ಮಳೆಗಿಂತ ದೊಡ್ಡ ಶತ್ರು ಗೊಬ್ಬರ. ನಾವು ಪೊಟ್ಯಾಷ್ ಎನ್ನುವುದು ಪೊಟ್ಯಾಸಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪು. ಹರಿದ ಚೀಲದಿಂದ ಉದುರಿದ ಪುಡಿ ಹಿಂದಿನ ತಳದ ಸಂದಿಗಳಲ್ಲಿ ಕುಳಿತು, ಮಳೆಗಾಲದ ತೇವ ಹೀರಿ, ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಹಿಂದಿನ ಅಡ್ಡತೊಲೆ, ಸ್ಪ್ರಿಂಗ್ ಪಟ್ಟಿಗಳನ್ನು ಕಟ್ಟಿದ ಜಾಗ, ಬಾಡಿ ಚಾಸಿಯ ಮೇಲೆ ಕೂರುವ ಕಡೆ, ಇವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಸತ್ತ ಕಬ್ಬಿಣ ಮಡಕೆ ಬಡಿದಂತೆ ಮಂಕಾಗಿ ಸದ್ದು ಮಾಡುತ್ತದೆ. ಟ್ರೈಲರ್ ಎಳೆದ ಜೀಪಾದರೆ ಕೊಕ್ಕೆಯ ಸುತ್ತ ಬಿರುಕು, ಹಳೆಯ ವೆಲ್ಡಿಂಗ್ ಹುಡುಕಬೇಕು. ಆಮೇಲೆ ಎಡ ಮುಂದಿನ ಸ್ಪ್ರಿಂಗ್ ಪಿನ್ನಿನಿಂದ ಬಲ ಹಿಂದಿನ ಪಿನ್ನಿಗೆ ಹಗ್ಗ ಹಿಡಿದು ಅಳೆಯಿರಿ. ಬಲದಿಂದ ಎಡಕ್ಕೂ ಹಾಗೆಯೇ ಅಳೆಯಿರಿ. ಎರಡೂ ಸರಿಸಮ ಬರದಿದ್ದರೆ ಗಾಡಿ ಎಲ್ಲೋ ಉರುಳಿದೆ ಅಥವಾ ಗುದ್ದಿದೆ ಎಂದು ತಿಳಿಯತಕ್ಕದ್ದು. ಬಾಡಿಗೆ ಪುಟ್ಟಿ ಮೆತ್ತಿದ್ದಾರೆಯೇ ಎಂಬುದಕ್ಕೆ ಒಂದು ಅಯಸ್ಕಾಂತ ಸಾಕು.

ಮೂರನೆಯದು ಕಾಗದ. ನಮ್ಮ ಸದಸ್ಯರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಸದಸ್ಯರೊಬ್ಬರು ಮುಂಗಡ ಕೊಟ್ಟಿದ್ದ ಹಸಿರು ಜೀಪೊಂದನ್ನು ನಾವೂ ಹೋಗಿ ನೋಡಿದೆವು. ಬಣ್ಣ ಕನ್ನಡಿಯಂತಿತ್ತು. ಚಾಸಿ ಸಂಖ್ಯೆಯ ಮೇಲಿನ ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ, ಸಂಖ್ಯೆಯಿದ್ದ ಅಂಗೈಯಗಲದ ತುಂಡನ್ನೇ ಬೇರೆ ಗಾಡಿಯಿಂದ ಕತ್ತರಿಸಿ ತಂದು ಬೆಸೆದದ್ದು ಕಂಡಿತು. ಅಂಥದ್ದನ್ನು ಕೊಂಡರೆ ಪೊಲೀಸು, ಕಚೇರಿ ಎಂದು ಅಲೆಯುವುದೇ ಆದೀತು. ಮುಂಗಡದಲ್ಲಿ ಅರ್ಧ ಮಾತ್ರ ವಾಪಸು ಬಂತು.

ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಬೆರಳಿಟ್ಟು ಹೋಲಿಸಬೇಕು. ಪೆಟ್ರೋಲ್ ಜೀಪಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದು ನಮ್ಮ ಕಡೆ ಸಾಮಾನ್ಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಇಂಥ ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಿರಬೇಕು. ಎಂ.ವೈ. ಅಕ್ಷರಗಳ ಹಳೆಯ ಸಂಖ್ಯೆಯಿದ್ದರೆ ಹೆಮ್ಮೆ ಸರಿ, ಆದರೆ ನೋಂದಣಿ ನವೀಕರಣವಾಗಿದೆಯೇ ಎಂದು ನೋಡಿ. ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ಶುಲ್ಕವನ್ನು 600 ರೂಪಾಯಿಯಿಂದ 5000ಕ್ಕೆ ಏರಿಸಲಾಯಿತು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಆರ್.ಸಿ. ಇದ್ದರೆ, ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಅಣ್ಣ ಮಾರಿದ ಜೀಪನ್ನು ತಮ್ಮ ಬಂದು ಕೇಳುವುದು ನಮ್ಮೂರುಗಳಲ್ಲಿ ಹೊಸದೇನಲ್ಲ.

2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರ ಬರುತ್ತದೆ, ಅವಧಿ 10 ವರ್ಷ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ರಸ್ತೆಗೆ ತರಬಹುದೇ ಹೊರತು ದಿನಬಳಕೆಗಲ್ಲ. ಅದರಲ್ಲಿ ಅಡಿಕೆ ಹೇರಿಕೊಂಡು ಅರಕಲಗೂಡಿಗೆ ಬರುವಂತಿಲ್ಲ. ದುಡಿಯುವ ಜೀಪು ಬೇಕೆನ್ನುವವರು ಇದನ್ನು ಕೊಳ್ಳಬಾರದು.

ಎಂಜಿನ್ ವಿಷಯ ಮೆಕ್ಯಾನಿಕ್ ಹೇಳುತ್ತಾನೆ. ನಮ್ಮ ಮಾತು ಎರಡೇ. ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಚಾಲು ಮಾಡಿ ಕಾಯಿಸಿದ್ದಾರೆ. ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಹೊಗೆ ದಮ್ಮು ಕಟ್ಟಿ ಬರುತ್ತಿದ್ದರೆ ಸಿಲಿಂಡರ್ ಸವೆದಿದೆ. ಮುಂದಿನ ಗಾಲಿಗಳಿಗೂ ಗೇರ್ ಕೂರುತ್ತದೆಯೇ ಎಂಬುದನ್ನು ಡಾಂಬರು ರಸ್ತೆಯಲ್ಲಲ್ಲ, ಮಲ್ಲಿಪಟ್ಟಣದ ಕಡೆಯ ಯಾವುದಾದರೂ ತೋಟದ ಏರಿನಲ್ಲಿ ನೋಡಿ.

ಬೆಲೆ ಕಟ್ಟುವಾಗ ದುಡಿಯುವ ಜೀಪಿಗೆ, ಅದೇ ಮಾದರಿಯ ಸುಸ್ಥಿತಿಯ ಗಾಡಿ ಸುತ್ತಮುತ್ತ ಎಷ್ಟಕ್ಕೆ ಹೋಗಿದೆ ಎಂದು ಮೂರು ಕಡೆ ವಿಚಾರಿಸಿ, ರಿಪೇರಿಯ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿ ಕಳೆಯಿರಿ. ಟೈರು ಮತ್ತು ಬಣ್ಣಕ್ಕೆ ಹೆಚ್ಚು ಕೊಡಬೇಡಿ. ಸಂಗ್ರಹದ ಜೀಪಿನ ಲೆಕ್ಕ ತಿರುಗುಮುರುಗು. ಮೂಲ ಎಂಜಿನ್, ಮೂಲ ಜಾಲರಿ, ಹೊಂದುವ ಸಂಖ್ಯೆಗಳಿದ್ದರೆ ತುಕ್ಕು ಹಿಡಿದದ್ದೂ ಹೊಸ ಬಣ್ಣದ ಬೆರಕೆಗಿಂತ ಬೆಲೆಯುಳ್ಳದ್ದು. ಕೊಟ್ಟಿಗೆಯಲ್ಲಿ ಇಂಥದ್ದಿರುವ ಸದಸ್ಯರು ಮಾರುವ ಮುನ್ನ ಬಣ್ಣ ಬಳಿಸಬೇಡಿ, ಬಿದ್ದ ಬಿಡಿಭಾಗಗಳನ್ನು ಎಸೆಯಬೇಡಿ.

ವ್ಯಾಪಾರ ಕುದುರಿದ ದಿನವೇ 29 ಮತ್ತು 30ನೆಯ ನಮೂನೆಗಳಿಗೆ ಮಾರುವವರ ಸಹಿ ಪಡೆಯಿರಿ. ವರ್ಗಾವಣೆಯ ವಿಷಯವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಲೂ 14 ದಿನದೊಳಗೆ ಅರ್ಜಿ ಕೊಡಬೇಕು.