ಬದಲಾವಣೆಯನ್ನು ಮುನ್ನಡೆಸುವ ಶಿಕ್ಷಕ: ನಲಿ-ಕಲಿಯ ಅನುಭವ ಕಲಿಸುವ ಪಾಠ

ಕಲಿಕೆಯ ಉದ್ದೇಶಗಳು

ಈ ಪಾಠದ ಅಧ್ಯಯನದ ನಂತರ ಶಿಕ್ಷಕರು,

1. ಶಾಲೆಯಲ್ಲಿ ಹೊಸತನವನ್ನು ತರಲು ಬೇಕಾದ ನಾಯಕತ್ವ ಕೌಶಲಗಳನ್ನು ಗುರುತಿಸುವರು;
2. ಹೊಸ ಪದ್ಧತಿಗೆ ಎದುರಾಗುವ ವಿರೋಧದ ಕಾರಣಗಳನ್ನು ವಿಶ್ಲೇಷಿಸುವರು;
3. ಬೇರೆ ಭಾಷೆಯಲ್ಲಿ ರೂಪುಗೊಂಡ ಪದ್ಧತಿಯನ್ನು ಕನ್ನಡದ ಮಗುವಿಗೆ ಅಳವಡಿಸುವ ಕ್ರಮವನ್ನು ತಿಳಿಯುವರು.

ಪೀಠಿಕೆ

ಸಂಸ್ಥೆ ಎಂದೊಡನೆ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳು ನೆನಪಾಗುವುದು ಸಹಜ. ಆದರೆ ಇಬ್ಬರು ಶಿಕ್ಷಕರೂ ಐದು ತರಗತಿಗಳೂ ಇರುವ ಪುಟ್ಟ ಶಾಲೆಯೂ ಒಂದು ಸಂಸ್ಥೆಯೇ. ಅದಕ್ಕೂ ತನ್ನದೇ ಆದ ಗುರಿಯಿದೆ, ರೂಢಿಯಿದೆ, ಬದಲಾವಣೆಯ ಬಗೆಗೆ ಅಳುಕೂ ಇದೆ. ಹೀಗಾಗಿ ಸಂಸ್ಥೆಗಳಲ್ಲಿ ಹೊಸತನವನ್ನು ಬೇರೂರಿಸುವ ನಾಯಕತ್ವದ ಪ್ರಶ್ನೆ ಶಿಕ್ಷಕರ ಪ್ರಶ್ನೆಯೂ ಹೌದು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಪಠ್ಯಕ್ರಮ, ತರಬೇತಿ, ಹೊಸ ಯೋಜನೆಗಳು ಬಹುಮಟ್ಟಿಗೆ ಆಯಾ ರಾಜ್ಯದ ಭಾಷೆಯಲ್ಲಿ ರೂಪುಗೊಂಡು ಬಳಿಕ ಕನ್ನಡಕ್ಕೆ ಬರುತ್ತವೆ. ಇತ್ತ ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಬೇಕೋ ಬೇಡವೋ ಎಂದು ತೂಗಿ ನೋಡುವ ತಾಯಿತಂದೆಯರ ಮನಸ್ಸಿನಲ್ಲಿರುವುದು ಒಂದೇ ಮಾತು: ಇಲ್ಲಿ ನಮ್ಮ ಮಗು ಚೆನ್ನಾಗಿ ಓದಲು ಬರೆಯಲು ಕಲಿಯುವುದೇ? ಇದಕ್ಕೆ ಸಮಾಧಾನಕರ ಉತ್ತರ ಕೊಡಲಾರದ ಶಾಲೆಯನ್ನು ಭಾಷಾಭಿಮಾನವೊಂದೇ ಉಳಿಸಲಾರದು.

ಒಂದು ನಿದರ್ಶನ: ಹೆಗ್ಗಡದೇವನಕೋಟೆಯ ಶಿಕ್ಷಕರು

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಅದರ ಒಂದು ಮೇರೆ ವಯನಾಡಿಗೆ ತಾಗಿದೆ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಶಾಲೆಗಳು, ಕೂಲಿಯ ಕಾಲದಲ್ಲಿ ದಿನಗಟ್ಟಲೆ ಗೈರಾಗುವ ಮಕ್ಕಳು, ಮೊದಲ ತಲೆಮಾರಿನ ಕಲಿಕೆ - ಇವು ಅಲ್ಲಿನ ನಿತ್ಯದ ಸ್ಥಿತಿ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇಲ್ಲಿ ಆರಂಭವಾದ ಪ್ರಯೋಗವೇ ಮುಂದೆ 'ನಲಿ-ಕಲಿ' ಎಂದು ಹೆಸರಾಯಿತು.

ಆರಂಭದ ಹೆಜ್ಜೆ ಗಮನಾರ್ಹವಾದುದು. ತಾಲ್ಲೂಕಿನ ಶಿಕ್ಷಕರ ತಂಡವೊಂದು ಆಂಧ್ರಪ್ರದೇಶದ ಮದನಪಲ್ಲೆಯ ಸಮೀಪದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಚಿಕ್ಕ ಶಾಲೆಗಳನ್ನು ಕಣ್ಣಾರೆ ಕಂಡಿತು. ಅಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಚಟುವಟಿಕೆಯ ಕಾರ್ಡುಗಳನ್ನು ಜೋಡಿಸಲಾಗಿತ್ತು. ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು ಮುಂದೆ ಸಾಗುತ್ತಿತ್ತು. ವಾರಗಟ್ಟಲೆ ಗೈರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಆರಂಭಿಸಬಹುದಿತ್ತು. ಹೆಗ್ಗಡದೇವನಕೋಟೆಯ ಸಮಸ್ಯೆಗೆ ಬೇಕಾದ ಮದ್ದೇ ಇದಾಗಿತ್ತು.

ಆದರೆ ರಿಷಿವ್ಯಾಲಿಯ ಕಾರ್ಡುಗಳು ತೆಲುಗಿನವು. ಶಿಕ್ಷಕರು ಅವುಗಳನ್ನು ಹಾಗೆಯೇ ಅನುವಾದಿಸಲಿಲ್ಲ. ಪದ್ಧತಿಯ ತತ್ವವನ್ನು ಮಾತ್ರ ತೆಗೆದುಕೊಂಡು, ಕನ್ನಡದ ಏಣಿಯನ್ನೂ ಕಾರ್ಡುಗಳನ್ನೂ ತಾವೇ ಕುಳಿತು ರಚಿಸಿದರು. ನಲಿ-ಕಲಿಯ ಅಕ್ಷರಕಲಿಕೆಯನ್ನು ನೋಡಿದರೆ ಈ ಶ್ರಮದ ಬೆಲೆ ತಿಳಿಯುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಸಾಗುವ ಮಗು ಸ್ವರಗಳನ್ನೂ ಹಲವು ವ್ಯಂಜನಗಳನ್ನೂ ಕಲಿತ ಮೇಲಷ್ಟೇ ಅರ್ಥವುಳ್ಳ ಪದಗಳನ್ನು ಓದಬಲ್ಲದು. ನಲಿ-ಕಲಿಯಲ್ಲಾದರೋ ಮೊದಲ ಗುಂಪೇ 'ರ, ಗ, ಸ, ದ, ಅ'. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಕೆಲವೇ ದಿನಗಳಲ್ಲಿ ಮಗು ಓದುಗನಾಗುತ್ತದೆ. ಓದಿದೆನೆಂಬ ಹಿಗ್ಗು ಅದನ್ನು ಮುಂದಿನ ಮೆಟ್ಟಿಲಿಗೆ ಎಳೆದೊಯ್ಯುತ್ತದೆ.

2009-10ರಲ್ಲಿ ಈ ಪದ್ಧತಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು. ಬಳಿಕ 3ನೇ ತರಗತಿಯೂ ಸೇರಿತು. ರಿಷಿವ್ಯಾಲಿಯ ಪ್ರೇರಣೆಯಿಂದಲೇ 2003ರಲ್ಲಿ ಚೆನ್ನೈ ಪಾಲಿಕೆಯ ಶಾಲೆಗಳಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಆರಂಭವಾಗಿ, ನಂತರ ತಮಿಳುನಾಡಿನಾದ್ಯಂತ ಹರಡಿತು.

ಈ ನಿದರ್ಶನದಲ್ಲಿ ಕಾಣುವ ನಾಯಕತ್ವ ಕೌಶಲಗಳು

*ಅ) ಸಮಸ್ಯೆಯನ್ನು ಸರಿಯಾಗಿ ಹೆಸರಿಸುವುದು.* 'ಮಕ್ಕಳು ಶಾಲೆಗೆ ಸರಿಯಾಗಿ ಬರುವುದಿಲ್ಲ' ಎಂಬುದು ದೂರು. 'ಮಗು ಬಾರದ ದಿನಗಳಲ್ಲಿ ಪಾಠ ಮುಂದೆ ಹೋಗಿಬಿಡುತ್ತದೆ, ಮರಳಿ ಬಂದ ಮಗುವಿಗೆ ಹಿಡಿತ ಸಿಗುವುದಿಲ್ಲ' ಎಂಬುದು ಸಮಸ್ಯೆ. ದೂರಿಗೆ ಪರಿಹಾರವಿಲ್ಲ, ಸಮಸ್ಯೆಗೆ ಉಂಟು. ಶಾಲೆಯ ಅಹವಾಲುಗಳನ್ನು ಪರಿಹರಿಸಬಲ್ಲ ಪ್ರಶ್ನೆಗಳಾಗಿ ಮಾರ್ಪಡಿಸುವುದು ನಾಯಕನ ಮೊದಲ ಕೆಲಸ.

*ಆ) ಕಣ್ಣಾರೆ ತೋರಿಸುವುದು.* ಹತ್ತು ಸುತ್ತೋಲೆಗಳು ಮಾಡಲಾರದ ಕೆಲಸವನ್ನು ಚೆನ್ನಾಗಿ ನಡೆಯುತ್ತಿರುವ ಒಂದು ತರಗತಿ ಮಾಡುತ್ತದೆ. ದೂರದ ಪ್ರವಾಸವೇ ಆಗಬೇಕೆಂದಿಲ್ಲ. ನೆರೆಯ ಕನ್ನಡ ಶಾಲೆಯಲ್ಲಿ ಅರ್ಧ ದಿನ ಕುಳಿತು ನೋಡಿದರೂ ಸಾಕು.

*ಇ) ಚಿಕ್ಕದಾಗಿ ಆರಂಭಿಸುವುದು.* ಒಂದು ತಾಲ್ಲೂಕು, ಕೆಳಗಿನ ತರಗತಿಗಳು - ಇಷ್ಟರಲ್ಲಿ ಪ್ರಯೋಗ ನಿಂತಿತ್ತು. ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿತ್ತು. ಶಾಲೆಯ ಮಟ್ಟದಲ್ಲಿ ಒಂದು ತರಗತಿ, ಒಂದು ವಿಷಯ, ಒಂದು ಅವಧಿ ಸಾಕು.

*ಈ) ಕರ್ತೃತ್ವವನ್ನು ಹಂಚುವುದು.* ಕಾರ್ಡು ಬರೆದ ಶಿಕ್ಷಕನಿಗೆ ಆ ಕಾರ್ಡು ತನ್ನದು. ಅದು ಕೆಲಸ ಮಾಡದಿದ್ದರೆ ಬಿಸಾಡುವುದಿಲ್ಲ, ತಿದ್ದುತ್ತಾನೆ. ನಾಯಕತ್ವವೆಂದರೆ ಮುಖ್ಯೋಪಾಧ್ಯಾಯರ ಕುರ್ಚಿಯಷ್ಟೇ ಅಲ್ಲ. ಚಿತ್ರ ಬರೆಯಬಲ್ಲವರು, ಹಾಡು ಕಟ್ಟಬಲ್ಲವರು, ಊರವರೊಡನೆ ಮಾತಾಡಬಲ್ಲವರು ಎಲ್ಲರಿಗೂ ಅದರಲ್ಲಿ ಪಾಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯಿತಂದೆಯರು ಅಥವಾ ಪೋಷಕರು ಇರಬೇಕೆಂದೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳುತ್ತದೆ. ಈ ಸಮಿತಿಯನ್ನು ಸಹಿಗಷ್ಟೇ ಕರೆಯುವ ಶಾಲೆ ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ.

ವಿರೋಧವನ್ನು ಅರ್ಥಮಾಡಿಕೊಳ್ಳುವುದು

ಹೊಸತನ ಹೇಗೆ ಹರಡುತ್ತದೆ ಎಂಬುದನ್ನು ಅಮೆರಿಕದ ಎವರೆಟ್ ರೋಜರ್ಸ್ 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಶದವಾಗಿ ಚರ್ಚಿಸಿದ್ದಾರೆ. ಅವರು ಅಯೋವಾದ ರೈತಕುಟುಂಬದಿಂದ ಬಂದವರು. ಅವರ ತಂದೆ ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಒಲ್ಲದೆ ಹಳೆಯ ಬೀಜವನ್ನೇ ಬಿತ್ತಿದರು. 1936ರ ಬರಗಾಲದಲ್ಲಿ ನೆರೆಯವರ ಹೈಬ್ರಿಡ್ ಪೈರು ನಿಂತಿತು, ಅವರದು ಒಣಗಿತು. ವಿವೇಕಿಯಾದ ಮನುಷ್ಯನೂ ಹೊಸದನ್ನು ಏಕೆ ಒಲ್ಲನು ಎಂಬುದೇ ರೋಜರ್ಸರ ಅಧ್ಯಯನದ ಬೀಜವಾಯಿತು.

ಅವರ ಪ್ರಕಾರ ಜನ ಹೊಸದನ್ನು ಒಪ್ಪುವ ಮುನ್ನ ಐದು ಸಂಗತಿಗಳನ್ನು ನೋಡುತ್ತಾರೆ: ಹಳೆಯದಕ್ಕಿಂತ ಇದರಿಂದ ಲಾಭವೇನು, ನಮ್ಮ ರೀತಿಗೆ ಹೊಂದುವುದೇ, ಮಾಡಲು ಎಷ್ಟು ಕಷ್ಟ, ಸ್ವಲ್ಪ ಮಾಡಿ ನೋಡಬಹುದೇ, ಫಲ ಕಣ್ಣಿಗೆ ಕಾಣುವುದೇ. ಸಹೋದ್ಯೋಗಿಯೊಬ್ಬರು 'ಇದೆಲ್ಲ ನಮ್ಮ ಶಾಲೆಗೆ ಆಗದು' ಎಂದಾಗ ಈ ಐದರಲ್ಲಿ ಯಾವುದು ಅವರನ್ನು ತಡೆಯುತ್ತಿದೆ ಎಂದು ಕೇಳಿ ತಿಳಿಯಬೇಕು. ಹಿರಿಯ ಶಿಕ್ಷಕರ ಹಿಂಜರಿಕೆಯಲ್ಲಿ ಅನೇಕ ವೇಳೆ ಅನುಭವದ ಎಚ್ಚರವಿರುತ್ತದೆ. ಅದನ್ನು ಸೋಮಾರಿತನವೆಂದು ಕರೆದರೆ ಒಬ್ಬ ಸಹಾಯಕನನ್ನು ಕಳೆದುಕೊಂಡಂತೆ.

ಕೆನಡಾದ ಶಿಕ್ಷಣತಜ್ಞ ಮೈಕೆಲ್ ಫುಲ್ಲನ್ ಇನ್ನೊಂದು ಎಚ್ಚರಿಕೆ ನೀಡುತ್ತಾರೆ. ಹೊಸ ಪದ್ಧತಿ ಆರಂಭವಾದ ಮೊದಲ ದಿನಗಳಲ್ಲಿ ಸ್ಥಿತಿ ಸುಧಾರಿಸುವ ಬದಲು ತುಸು ಇಳಿಯುತ್ತದೆ. ಹಳೆಯ ಅಭ್ಯಾಸ ತಪ್ಪಿರುತ್ತದೆ, ಹೊಸದು ಕೈಗೂಡಿರುವುದಿಲ್ಲ. ಕಾರ್ಡುಗಳು ಚೆಲ್ಲಾಪಿಲ್ಲಿಯಾಗುತ್ತವೆ, ತರಗತಿಯಲ್ಲಿ ಗದ್ದಲವೇಳುತ್ತದೆ, 'ಮಕ್ಕಳು ಬರೀ ಆಟವಾಡುತ್ತಾರೆ' ಎಂದು ಪೋಷಕರು ಗೊಣಗುತ್ತಾರೆ. ಈ ಇಳಿತವನ್ನು ಮೊದಲೇ ಹೇಳಿಟ್ಟ ನಾಯಕನ ಮಾತಿಗೆ ಬೆಲೆ ಬರುತ್ತದೆ. ಹೇಳದವನ ಯೋಜನೆ ಅಲ್ಲಿಗೇ ನಿಲ್ಲುತ್ತದೆ.

ಗಡಿಶಾಲೆಗಳಿಗೆ ವಿಶೇಷ ಕೌಶಲ: ಅಳವಡಿಕೆ

ಒಂದು ಭಾಷೆಯ ಪದ್ಧತಿಯನ್ನು ಇನ್ನೊಂದಕ್ಕೆ ತರುವಾಗ ತತ್ವವನ್ನು ಉಳಿಸಿ ಸಾಮಗ್ರಿಯನ್ನು ಬದಲಿಸಬೇಕು. ಓದುಬರಹದ ಮೊದಲ ಹಂತದಲ್ಲಿ ಇದು ಅನಿವಾರ್ಯ. ಏಕೆಂದರೆ ಕಥೆಯನ್ನು ಅನುವಾದಿಸಬಹುದು, ಅಕ್ಷರಗಳನ್ನು ಅನುವಾದಿಸಲಾಗದು.

ತಮಿಳಿನ ಲಿಪಿಯಲ್ಲಿ 18 ವ್ಯಂಜನಗಳಿವೆ, ಕನ್ನಡದಲ್ಲಿ 34. ಕ-ಗ, ತ-ದ, ಪ-ಬ ಇವುಗಳಿಗೆ ತಮಿಳಿನಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ಒತ್ತಕ್ಷರದ ಬದಲು ಅಕ್ಷರದ ಮೇಲೆ ಚುಕ್ಕಿ ಬರುತ್ತದೆ. ಹೀಗಾಗಿ ತಮಿಳಿನ ಏಣಿಯನ್ನು ಹಾಗೆಯೇ ಅನುಸರಿಸಿದರೆ ಹೊಸೂರು, ತಾಳವಾಡಿಯ ಮಗುವಿಗೆ ಮಹಾಪ್ರಾಣ ಹಾಗೂ ಒತ್ತಕ್ಷರಗಳ ಮೆಟ್ಟಿಲುಗಳೇ ಇಲ್ಲವಾಗುತ್ತವೆ. ಮರಾಠಿಯ ಲಿಪಿ ಎ-ಏ, ಒ-ಓ ಭೇದವನ್ನು ತೋರಿಸುವುದಿಲ್ಲ. ಕನ್ನಡದಲ್ಲಾದರೋ 'ಕೊಡು' ಮತ್ತು 'ಕೋಡು', 'ಎಡೆ' ಮತ್ತು 'ಏಡಿ' ಬೇರೆ ಬೇರೆ. ಅಕ್ಕಲಕೋಟೆ, ಜತ್ತಗಳ ಶಿಕ್ಷಕರು ಇದಕ್ಕೆ ಪ್ರತ್ಯೇಕ ಚಟುವಟಿಕೆ ಸೇರಿಸಲೇಬೇಕು. ತೆಲುಗಿನ ಏಣಿ ಕನ್ನಡಕ್ಕೆ ಹೆಚ್ಚು ಸಮೀಪವಾದರೂ ಪದಗಳು ಕನ್ನಡದವೇ ಆಗಿರಬೇಕು. ಕಾಸರಗೋಡಿನ ತರಗತಿಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತಿರುವಾಗ ಕಾರ್ಡಿನ ಚಿತ್ರ ಯಾವ ಪದವನ್ನು ನೆನಪಿಸುತ್ತದೆ ಎಂಬುದನ್ನೂ ಪರೀಕ್ಷಿಸಬೇಕು.

ಈ ಕೊರತೆಗಳು ರಾಜಧಾನಿಯಲ್ಲಿ ಕುಳಿತವರಿಗೆ ಕಾಣುವುದು ಕಷ್ಟ. ತರಗತಿಯಲ್ಲಿ ನಿಂತವರಿಗೆ ಮೊದಲ ವಾರದಲ್ಲೇ ಕಾಣುತ್ತವೆ. ಕಂಡದ್ದನ್ನು ದಾಖಲಿಸಿ, ಪರ್ಯಾಯವನ್ನು ಸಿದ್ಧಪಡಿಸಿ, ಸಕಾಲದಲ್ಲಿ ಮೇಲಿನವರ ಮುಂದಿಡುವುದು ಗಡಿಶಾಲೆಯ ನಾಯಕನ ವಿಶಿಷ್ಟ ಹೊಣೆ. ತಪ್ಪನ್ನಷ್ಟೇ ಹೇಳುವ ಪತ್ರಕ್ಕಿಂತ ತಿದ್ದಿದ ಹತ್ತು ಕಾರ್ಡುಗಳ ಜೊತೆಗಿನ ಪತ್ರಕ್ಕೆ ತೂಕ ಹೆಚ್ಚು.

ವಿಸ್ತರಣೆಯ ಅಪಾಯ, ಬೇರೂರಿಕೆಯ ಉಪಾಯ

ಒಂದು ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿದ ಪದ್ಧತಿ ರಾಜ್ಯಕ್ಕೆ ಹರಡಿದಾಗ ಕಾರ್ಡುಗಳು ಅಚ್ಚಾಗಿ ಶಾಲೆಗೆ ಬಂದವು. ಅವನ್ನು ರಚಿಸದ ಶಿಕ್ಷಕರಿಗೆ ಅದು ಮತ್ತೊಂದು ಆದೇಶದಂತೆ ತೋರಿದ ಉದಾಹರಣೆಗಳಿವೆ. ಕಾರ್ಡಿನ ಕ್ರಮ ಉಳಿದು ಅದರ ಹಿಂದಿನ ಯೋಚನೆ ಮರೆಯಾದರೆ ನಲಿವೂ ಇಲ್ಲ, ಕಲಿಕೆಯೂ ಇಲ್ಲ. ಆದುದರಿಂದ ಸಿದ್ಧ ಸಾಮಗ್ರಿ ಬಂದಾಗಲೂ ಶಿಕ್ಷಕರು ಕೂಡಿ ಕುಳಿತು 'ಈ ಮೆಟ್ಟಿಲು ಇಲ್ಲೇಕೆ ಇದೆ' ಎಂದು ಚರ್ಚಿಸಬೇಕು; ಪ್ರತಿ ಘಟಕಕ್ಕೂ ತಮ್ಮ ಊರಿನ ಒಂದೆರಡು ಕಾರ್ಡುಗಳನ್ನು ಸೇರಿಸಬೇಕು.

ಇನ್ನೊಂದು ಅಪಾಯ ವರ್ಗಾವಣೆ ಮತ್ತು ನಿವೃತ್ತಿ. ಒಬ್ಬರ ಉತ್ಸಾಹದಲ್ಲಿ ನಿಂತ ಹೊಸತನ ಅವರೊಡನೆ ಹೊರಟುಹೋಗುತ್ತದೆ. ಮಾಡಿದ್ದನ್ನು ಬರೆದಿಡುವುದು, ಇಬ್ಬರಿಗಾದರೂ ಕಲಿಸುವುದು, ಪೋಷಕರ ಮುಂದೆ ಮಕ್ಕಳಿಂದಲೇ ಓದಿಸುವುದು - ಈ ಮೂರು ಬೇರೂರಿಕೆಯ ಉಪಾಯಗಳು. ತಮ್ಮ ಮಗು ಓದುವುದನ್ನು ಕಿವಿಯಾರೆ ಕೇಳಿದ ತಾಯಿ ಆ ಶಾಲೆಯ ಪರವಾಗಿ ಊರಿನಲ್ಲಿ ಮಾತಾಡುತ್ತಾಳೆ. ಮುಂದಿನ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿರುತ್ತವೆ ಎಂಬುದು ಬಹುಮಟ್ಟಿಗೆ ಆ ಮಾತನ್ನೇ ಅವಲಂಬಿಸಿದೆ.

ಅಭ್ಯಾಸ ಮತ್ತು ಚರ್ಚೆ

1. ನಿಮ್ಮ ಶಾಲೆಯಲ್ಲಿ ಪದೇ ಪದೇ ಕೇಳಿಬರುವ ಮೂರು ದೂರುಗಳನ್ನು ಬರೆದು, ಪ್ರತಿಯೊಂದನ್ನೂ ಪರಿಹರಿಸಬಲ್ಲ ಸಮಸ್ಯೆಯ ರೂಪಕ್ಕೆ ತನ್ನಿ.
2. 'ರ, ಗ, ಸ, ದ, ಅ' ಗುಂಪಿಗೆ ಇನ್ನು ಮೂರು ಅಕ್ಷರಗಳನ್ನು ಸೇರಿಸಿ ನಿಮ್ಮ ಊರಿನ ಮಕ್ಕಳಿಗೆ ಪರಿಚಿತವಾದ ಹತ್ತು ಪದಗಳನ್ನು ರಚಿಸಿ.
3. ನಿಮ್ಮ ರಾಜ್ಯದ ಭಾಷೆಯಿಂದ ಬಂದ ಒಂದು ಚಟುವಟಿಕೆಯನ್ನು ಆರಿಸಿ, ಅದರಲ್ಲಿ ಉಳಿಸಬೇಕಾದ ತತ್ವ ಯಾವುದು, ಬದಲಿಸಬೇಕಾದ ಸಾಮಗ್ರಿ ಯಾವುದು ಎಂದು ಪಟ್ಟಿಮಾಡಿ.
4. ಇತ್ತೀಚೆಗೆ ಸಹೋದ್ಯೋಗಿಗಳು ಒಪ್ಪದ ಒಂದು ಹೊಸತನವನ್ನು ರೋಜರ್ಸರ ಐದು ಪ್ರಶ್ನೆಗಳ ಬೆಳಕಿನಲ್ಲಿ ಗುಂಪಿನಲ್ಲಿ ಚರ್ಚಿಸಿ.