ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಹಿರಿಮೆಯನ್ನು ಕುರಿತು ಬರೆಯುವವರು ಅನೇಕರಿದ್ದಾರೆ. ಇಲ್ಲಿ ದೀರ್ಘಕಾಲ ಪಾಠ ಹೇಳಿದ ನಾನು ನನ್ನದೇ ಒಂದು ತಪ್ಪನ್ನು ಕುರಿತು ಬರೆಯಲಿಚ್ಛಿಸುತ್ತೇನೆ.

1980ರ ದಶಕದ ಮಾತು. ಏಳನೆಯ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರು. ಒಬ್ಬನ ಎಡಗಾಲು ಪೋಲಿಯೋದಿಂದ ಸೊರಗಿತ್ತು. ಹಾಜರಿ ಕರೆಯುವಾಗ ಗೊಂದಲವಾಗದಿರಲೆಂದು ಒಂದು ದಿನ ಅವನ ಹೆಸರಿನ ಹಿಂದೆ ಕಾಲಿನ ಊನವನ್ನು ಸೇರಿಸಿ ಕರೆದೆ. ತರಗತಿಯೇ ನಕ್ಕಿತು, ಅವನೂ ನಕ್ಕ. ಆ ನಗೆಯನ್ನು ಒಪ್ಪಿಗೆಯೆಂದು ತಿಳಿದೆ. ಮನೆಯ ಹೆಸರು ಸೇರಿಸಿ ಕರೆಯಬಹುದಿತ್ತು, ಅಷ್ಟು ಯೋಚಿಸಲಿಲ್ಲ. ವಾರದೊಳಗೆ ಆ ಹೆಸರು ಮೈದಾನಕ್ಕೂ ಬಸ್ ನಿಲ್ದಾಣಕ್ಕೂ ಹಬ್ಬಿತು. ಅವನ ನಡಿಗೆಯನ್ನು ಅಣಕಿಸುವುದೇ ಒಂದು ಆಟವಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಗನಿಗೆ ಸೋಮವಾರವೆಂದರೆ ಹೊಟ್ಟೆನೋವು. ವೈದ್ಯರಿಗೆ ಏನೂ ಕಾಣಲಿಲ್ಲ. ಸಂಜೆ ಎಲ್ಲರೂ ಹೋಗುವವರೆಗೆ ಬೆಂಚಿನಲ್ಲೇ ಕುಳಿತಿರುತ್ತಿದ್ದ. ಹಗಲೆಲ್ಲ ನೀರು ಕುಡಿಯುತ್ತಿರಲಿಲ್ಲ. ಮೂತ್ರಾಲಯಕ್ಕೆ ಇಳಿಯುವ ಮೆಟ್ಟಿಲ ಬಳಿ ಅಣಕಿಸುವವರು ಕಾದಿರುತ್ತಿದ್ದರಂತೆ. ಇದನ್ನೆಲ್ಲ ಹೇಳಿದವರು ಅವನ ತಾಯಿ. "ಕಾಲಿನದ್ದು ಅವನಿಗೆ ಅಭ್ಯಾಸ ಆಗಿದೆ ಮಾಷ್ಟ್ರೇ, ಆ ಹೆಸರಿನದ್ದು ಆಗುವುದಿಲ್ಲ" ಎಂದರು.

ಅಂಗವಿಕಲ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಸಹಪಾಠಿಗಳ ಪೀಡನೆಗೆ ಗುರಿಯಾಗುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅವರ ಖಿನ್ನತೆಯನ್ನು ನಾವು ಗುರುತಿಸದಿರಲು ಒಂದು ಕಾರಣವುಂಟು. ಮಗು ಮೌನವಾದರೆ, ಊಟ ನಿದ್ರೆ ಬಿಟ್ಟರೆ, "ಪಾಪ, ಊನದ ಚಿಂತೆ" ಎಂದುಬಿಡುತ್ತೇವೆ. ಊನವಷ್ಟೇ ಖಿನ್ನತೆಯನ್ನು ತರಬೇಕೆಂದಿಲ್ಲ. ಅವಮಾನವೂ ಒಂಟಿತನವೂ ತರುತ್ತವೆ. "ನಾನಿಲ್ಲದಿದ್ದರೆ ನಿಮಗೆ ಸುಖ" ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ತಡಮಾಡಬಾರದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಆಪ್ತಸಲಹೆಗಾರರೊಡನೆ ಮಾತನಾಡಬಹುದು.

ಪೋಲಿಯೋ ಹೋಯಿತು, ಭಾರತದ ಕೊನೆಯ ಪ್ರಕರಣ 2011ರದು. ಆದರೆ ನಮ್ಮ ಕಾಸರಗೋಡಿನಲ್ಲಿ ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, ಎಣ್ಮಕಜೆ ಮೊದಲಾದ ಊರುಗಳ ಮನೆಗಳಲ್ಲಿ ಏನು ಉಳಿಸಿದೆಯೆಂಬುದು ಓದುಗರಿಗೆ ಗೊತ್ತು. ದೈವದ ಮುನಿಸೆಂದವರೂ ಇದ್ದರು. ಅದೂ ಒಂದು ಬಗೆಯ ಅಡ್ಡಹೆಸರೇ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ಊನಗಳನ್ನು ಪರಿಗಣಿಸಿದೆ. ಅಂಗವಿಕಲರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ಓದಿ ಹೇಳಿ ಪ್ರಯೋಜನ ಕಡಿಮೆ, ಮಾಷ್ಟ್ರುಗಳು ಓದಬೇಕು.

ಅಂದು ನಾನು ಅವನೊಬ್ಬನನ್ನೇ ಕರೆದು ಕ್ಷಮೆ ಕೇಳಿದೆ. ಎಲ್ಲರೆದುರು ನಿಲ್ಲಿಸಿ ಕನಿಕರದ ಭಾಷಣ ಮಾಡಲಿಲ್ಲ. ಅದು ಇನ್ನೊಂದು ಶಿಕ್ಷೆಯಾಗುತ್ತಿತ್ತು. ನಕ್ಕವರನ್ನಲ್ಲ, ನೋಡುತ್ತ ಸುಮ್ಮನಿದ್ದವರನ್ನು ಮೊದಲು ಕರೆದು ಮಾತನಾಡಿದೆ. ಇಬ್ಬರು ಅವನ ಜತೆ ನಡೆಯತೊಡಗಿದರು. ಹೊಟ್ಟೆನೋವು ಕಡಿಮೆಯಾಯಿತು. ಹೆಸರು ಮಾತ್ರ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಅವರು ಮಗಳೊಡನೆ ಬಂದಿದ್ದರು. ಸಹಪಾಠಿಯೊಬ್ಬರು ಪ್ರೀತಿಯಿಂದಲೇ ಆ ಹೆಸರು ಹಿಡಿದು ಕೂಗಿದರು. "ಅಪ್ಪಾ, ಯಾರನ್ನು ಕರೆದದ್ದು?" ಎಂದು ಮಗಳು ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಮಹೋತ್ಸವಕ್ಕೂ ಬರುತ್ತಾರಂತೆ.