ಟ್ರೇಲರಿನ ಅಚ್ಚು ಮತ್ತು ತಳದ ಎತ್ತರ

ಮಕ್ತಲ, ಗದ್ವಾಲ ಕಡೆಯ ಎರೆಹೊಲಗಳಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಗಾಲಿಜಾಡು ಆಳವಾಗಿ, ನಡುವೆ ಮಣ್ಣಿನ ದಿಂಡು ಎದ್ದಿರುತ್ತದೆ. ಟ್ರೇಲರಿನ ಅಚ್ಚು ಆ ದಿಂಡಿಗೆ ತಾಗಿ ಟ್ರ್ಯಾಕ್ಟರು ನಿಂತುಬಿಡುವುದುಂಟು. ಆಗ ನಮ್ಮ ರೈತರು ಬೆಸುಗೆ ಅಂಗಡಿಗೆ ಹೋಗಿ, ‘ತಳ ಎತ್ತರ ಮಾಡಿಕೊಡಪ್ಪ’ ಎನ್ನುತ್ತಾರೆ. ದುಡ್ಡು ಹೋಗುತ್ತದೆ, ತಳವೂ ಏರುತ್ತದೆ, ಅಚ್ಚು ಮಾತ್ರ ಇದ್ದಲ್ಲಿಯೇ ಇರುತ್ತದೆ!

ರೈತ ಬಾಂಧವರೇ, ಮೊದಲು ಯಾವುದು ಎಲ್ಲಿ ತಾಗುತ್ತದೆಂದು ನೋಡಿರಿ. ಹೇರು ತುಂಬಿದಾಗಲೇ ನೋಡಬೇಕು, ಬರಿ ಟ್ರೇಲರು ನಿಜ ಹೇಳುವುದಿಲ್ಲ.

ಅಚ್ಚೇ ನೆಲಕ್ಕೆ ತಾಗುತ್ತಿದ್ದರೆ ದೊಡ್ಡ ಗಾಲಿ ಬೇಕು. ಇದರ ಲೆಕ್ಕ ಸ್ವಲ್ಪ ವಿಚಿತ್ರ. 80 ಸೆಂ.ಮೀ. ಎತ್ತರದ ಗಾಲಿ ತೆಗೆದು 90 ಸೆಂ.ಮೀ. ಗಾಲಿ ಹಾಕಿದರೆ ಅಚ್ಚು ಏರುವುದು 5 ಸೆಂ.ಮೀ. ಮಾತ್ರ, ಅಚ್ಚು ಗಾಲಿಯ ನಟ್ಟನಡುವೆ ಇದೆಯಷ್ಟೆ. ಗಾಲಿಯ ನೆತ್ತಿಯಾದರೋ ಪೂರ್ತಿ 10 ಸೆಂ.ಮೀ. ಏರಿತು. ಅಚ್ಚಿನೊಡನೆ ತಳ ಏರಿದ್ದು 5. ಹೀಗಾಗಿ ತಳಕ್ಕೂ ಗಾಲಿಗೂ ನಡುವೆ ಮೊದಲು 8 ಸೆಂ.ಮೀ. ಸಂದು ಇದ್ದರೆ ಈಗ ಉಳಿದದ್ದು 3. ಹೇರಿನ ಭಾರಕ್ಕೆ ಸ್ಪ್ರಿಂಗು ಕುಸಿದೊಡನೆ ಟೈರು ತಳಕ್ಕೆ ಉಜ್ಜಿ ಹಾಳಾಗುತ್ತದೆ. ತಳ ಎತ್ತರಿಸುವ ಮಾತು ಬರುವುದು ಇಲ್ಲಿ. ಸ್ಪ್ರಿಂಗು ಅಚ್ಚಿನ ಕೆಳಗಿದ್ದರೆ ಮೇಲೆ ಕೂಡಿಸಬಹುದು. ಸ್ಪ್ರಿಂಗೇ ಇಲ್ಲದಿದ್ದರೆ ಅಚ್ಚಿಗೂ ಚೌಕಟ್ಟಿಗೂ ನಡುವೆ ಗಟ್ಟಿ ಕಬ್ಬಿಣದ ತುಂಡು ಕೊಡಿಸಬೇಕು. ಮರದ ತುಂಡು ಬೇಡ, ಒಣಗಿ ಸಡಿಲಾಗುತ್ತದೆ.

ಆದರೆ ಬೇಕಾದುದಕ್ಕಿಂತ ಒಂದು ಅಂಗುಲವೂ ಹೆಚ್ಚು ಎತ್ತರಿಸಬೇಡಿರಿ. ಹತ್ತಿಯನ್ನೋ ಹುಲ್ಲನ್ನೋ ಆಳೆತ್ತರ ಒಟ್ಟಿ, ಮೇಲೆ ಕೂಲಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಾಲುವೆ ಏರಿಯ ಮೇಲೆ ಹೋಗುವವರನ್ನು ಕಂಡರೆ ಎದೆ ನಡುಗುತ್ತದೆ. ತಳ ಏರಿದಷ್ಟೂ ಟ್ರೇಲರು ಮಗುಚುವುದು ಸುಲಭ. ಹೇರಿನ ಮೇಲೆ ಯಾರನ್ನೂ ಕೂಡಿಸಕೂಡದು.

ಇನ್ನು ಅಚ್ಚನ್ನು ಕೊಳ್ಳುವಾಗ ಹೇರಿನ ತೂಕವನ್ನಷ್ಟೇ ಎಣಿಸಬಾರದು. 3 ಟನ್ ಹೇರು, 1 ಟನ್ ಟ್ರೇಲರು ಎಂದರೆ 4 ಟನ್ ಹೊರುವ ಅಚ್ಚು ಬೇಕು. ತಗ್ಗುದಿಣ್ಣೆಯ ಏಟು ಬೇರೆ ಇದೆ. ನಡುವೆ ಕೆಳಕ್ಕೆ ಬಾಗಿಸಿ ಮಾಡಿದ ಅಚ್ಚು ಅಗ್ಗವಾಗಿ ಸಿಕ್ಕರೂ ಎರೆಭೂಮಿಗೆ ಸಲ್ಲದು. ನಾರಾಯಣಪೇಟೆ ಕಡೆಯ ಗಟ್ಟಿ ಮಸಾರಿಯಲ್ಲಿ ನಡೆದೀತು. ಹಳೆಯ ಅಚ್ಚಾದರೆ ಗಾಲಿ ಹಾಕಿಸಿ, ಎರಡು ಗಾಲಿಗಳ ನಡುವಿನ ಅಂತರವನ್ನು ಅಚ್ಚಿನ ಮಟ್ಟದಲ್ಲಿ ಮುಂದೊಮ್ಮೆ ಹಿಂದೊಮ್ಮೆ ಅಳೆಯಿರಿ. ವ್ಯತ್ಯಾಸ ಕಂಡರೆ ಅಚ್ಚು ಬಾಗಿದೆಯೆಂದು ಸಂಶಯಪಟ್ಟು ಬಿಟ್ಟುಬಿಡಿರಿ.

ತಳ ಏರಿದ ಮೇಲೆ ಮೂಕಿಯ ಕೊಂಡಿಯನ್ನು ಅಷ್ಟೇ ಕೆಳಗೆ ಕೂಡಿಸಬೇಕು, ಇಲ್ಲವಾದರೆ ಹೇರು ಮುಂದಕ್ಕೆ ವಾಲುತ್ತದೆ. ಮೊದಲ ಹೇರು ಇಳಿಸಿದೊಡನೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿರಿ.